ಬೀರುವಿನ ಬೀಗ ತೆಗೆಯಿರಿ

(ನಮ್ಮ ಊರಿನ ಮಿಲ್ಲು ಪೇಟೆಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನದ ಕೊಠಡಿಯನ್ನು ಮಕ್ಕಳಿಗೆ ಒಪ್ಪಿಸಿದ ದಿನ ಪಾಲಕರ ಸಭೆಯಲ್ಲಿ ನಾವು ಆಡಿದ ಮಾತುಗಳ ಪಾಠ. ಪಾಳಿಯ ಕೆಲಸದಿಂದಾಗಿ ಸಭೆಗೆ ಬರಲಾಗದ ಗೆಳೆಯರು ಕೇಳಿದ್ದರಿಂದ ಇಲ್ಲಿ ಅಚ್ಚುಮಾಡಿದೆ.)



ವಿಜ್ಞಾನದ ಬಗ್ಗೆ ಮಾತನಾಡಲು ನಮ್ಮನ್ನು ಕರೆದಿದ್ದೀರಿ. ನಾವು ವಿಜ್ಞಾನಿಗಳಲ್ಲ. ಮಿಲ್ಲಿನಲ್ಲಿ ದುಡಿದವರು, ಸಂಘದ ಕಾಗದ ಪತ್ರ ಬರೆದವರು. ಇಂಥವರಿಗೆ ಈ ವಿಷಯ ಮಾತನಾಡುವ ಅಧಿಕಾರ ಏನಿದೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ನಮ್ಮ ಉತ್ತರ ಇಷ್ಟೆ: ವಿಜ್ಞಾನ ಸಿಗದೆ ಹೋದವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ಹಸಿದವನಿಗೆ ಅನ್ನದ ಬೆಲೆ ಗೊತ್ತಿರುವ ಹಾಗೆ.

ನಾವು ಓದಿದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಕೋಣೆಯೊಳಗೆ ಒಂದು ಗಾಜಿನ ಬೀರು ಇತ್ತು. ಅದರಲ್ಲಿ ಒಂದು ಅಯಸ್ಕಾಂತ, ಒಂದು ಮುಮ್ಮೂಲೆಯ ಗಾಜು, ಎರಡು ಮಸೂರಗಳು, ಒಂದು ಉಷ್ಣಮಾಪಕ ಇದ್ದುವು. ಬೀರುವಿಗೆ ಬೀಗ. ಏಳು ವರ್ಷ ಆ ಬೀಗ ತೆಗೆದುದನ್ನು ನಾವು ನೋಡಲಿಲ್ಲ. ಮೇಷ್ಟರನ್ನು ಬಯ್ಯುವುದೂ ನ್ಯಾಯವಲ್ಲ. ಸಾಮಾನು ಒಡೆದರೆ ಅವರ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂಬ ಭಯ ಅವರಿಗೆ. ಸಾಹೇಬರು ತನಿಖೆಗೆ ಬಂದಾಗ ಬೀರು ತುಂಬಿರಬೇಕು, ಅಷ್ಟೆ. ನಾವು ಅಯಸ್ಕಾಂತದ ಚಿತ್ರ ಬರೆದೆವು, ಅದರ ಗುಣಗಳನ್ನು ಬಾಯಿಪಾಠ ಮಾಡಿದೆವು, ಪರೀಕ್ಷೆಯಲ್ಲಿ ಐದಕ್ಕೆ ಐದು ಅಂಕ ತೆಗೆದುಕೊಂಡೆವು. ಅಯಸ್ಕಾಂತವನ್ನು ಮಾತ್ರ ಮುಟ್ಟಲಿಲ್ಲ.

ಮುಟ್ಟಿದ್ದು ಎಲ್ಲಿ ಗೊತ್ತೆ? ಮಿಲ್ಲಿನಲ್ಲಿ. ಬೇಲು ಒಡೆದು ಹತ್ತಿ ಬಿಡಿಸುವ ಬ್ಲೋ ರೂಮಿನಲ್ಲಿ ಹತ್ತಿ ಹೋಗುವ ದಾರಿಗೆ ಅಯಸ್ಕಾಂತ ಇಟ್ಟಿರುತ್ತಾರೆ. ಹತ್ತಿಯೊಳಗೆ ಸೇರಿದ ತಂತಿಯ ತುಂಡು, ಮೊಳೆ, ಕಬ್ಬಿಣದ ಚೂರು ಅದಕ್ಕೆ ಅಂಟಿಕೊಳ್ಳುತ್ತವೆ. ಅಂಟದೆ ಮುಂದೆ ಹೋದರೆ ಯಂತ್ರದ ಹಲ್ಲಿಗೆ ಬಡಿದು ಕಿಡಿ ಹಾರುತ್ತದೆ. ಹತ್ತಿಗೆ ಒಂದು ಕಿಡಿ ಸಾಕು. ಐದು ಅಂಕದ ಪ್ರಶ್ನೆಯಾಗಿದ್ದ ಆ ವಸ್ತು ಒಂದು ಖಾತೆಯ ಜನರ ಪ್ರಾಣ ಕಾಯುತ್ತದೆ ಎಂದು ತಿಳಿಯುವ ಹೊತ್ತಿಗೆ ನಮಗೆ ಇಪ್ಪತ್ತು ದಾಟಿತ್ತು. ಅಂದು ಸಂತೋಷವೂ ಆಯಿತು, ಸಿಟ್ಟೂ ಬಂತು. ಹತ್ತನೆಯ ವಯಸ್ಸಿನಲ್ಲಿ ಆಗಬೇಕಾದ ಸಂತೋಷವನ್ನು ಒಂದು ಬೀಗ ತಡೆದಿತ್ತಲ್ಲ ಎಂಬ ಸಿಟ್ಟು.

ಇಂದು ಈ ಶಾಲೆಯಲ್ಲಿ ಬೀರುವಿಗೆ ಬೀಗ ಹಾಕುವುದಿಲ್ಲವೆಂದು ಉಪಾಧ್ಯಾಯರು ಮಾತು ಕೊಟ್ಟಿದ್ದಾರೆ. ಈ ಸಭೆಯ ದೊಡ್ಡ ಸುದ್ದಿ ಅದೇ.

ಬಾಯಿಪಾಠವೂ ವಿಜ್ಞಾನವೂ

ವಿಜ್ಞಾನವೆಂದರೆ ಏನು? ದಪ್ಪ ಪುಸ್ತಕ, ಕಷ್ಟದ ಹೆಸರು, ಬಿಳಿಯ ಕೋಟು ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲ. ಒಂದು ಸಂಗತಿಯನ್ನು ನೋಡುವುದು, ಏಕೆ ಎಂದು ಕೇಳುವುದು, ಹೀಗಿರಬಹುದೆಂದು ಊಹಿಸುವುದು, ಊಹೆ ಸರಿಯೋ ತಪ್ಪೋ ಎಂದು ಕೈಯಾರೆ ಪರೀಕ್ಷಿಸುವುದು, ಕಂಡದ್ದನ್ನು ಕಂಡ ಹಾಗೆ ಬರೆದಿಡುವುದು, ತಪ್ಪಾಗಿದ್ದರೆ ಒಪ್ಪಿಕೊಳ್ಳುವುದು. ವಿಜ್ಞಾನದ ಬುಡ ಇಷ್ಟೇ. ಇವುಗಳಲ್ಲಿ ಯಾವುದಕ್ಕೂ ದುಡ್ಡು ಬೇಕಿಲ್ಲ, ಇಂಗ್ಲಿಷ್ ಬೇಕಿಲ್ಲ. ಧೈರ್ಯ ಬೇಕು, ತಾಳ್ಮೆ ಬೇಕು.

ನಮ್ಮ ಪೇಟೆಯಿಂದಲೇ ಮೂರು ಉದಾಹರಣೆ ಕೊಡುತ್ತೇವೆ.

ಮೊದಲನೆಯದು ತಕ್ಕಡಿ. ಈಗ ಅಂಗಡಿಗಳಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ಹಳೆಯ ತಟ್ಟೆಯ ತಕ್ಕಡಿ ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ಅದನ್ನು ಶಾಲೆಗೆ ಕೊಡಿ. ಮೇಷ್ಟರು ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಲಿ: ಈ ತಕ್ಕಡಿ ಸತ್ಯ ಹೇಳುತ್ತದೆಯೋ ಸುಳ್ಳು ಹೇಳುತ್ತದೆಯೋ, ಪತ್ತೆ ಹಚ್ಚುವುದು ಹೇಗೆ? ಎಡ ತಟ್ಟೆಗೆ ಒಂದು ಕಿಲೋ ಬಟ್ಟು, ಬಲ ತಟ್ಟೆಗೆ ಸಕ್ಕರೆ ಹಾಕಿ ಸಮ ಮಾಡಿ. ಆಮೇಲೆ ಬಟ್ಟನ್ನು ಬಲಕ್ಕೂ ಸಕ್ಕರೆಯನ್ನು ಎಡಕ್ಕೂ ಬದಲಾಯಿಸಿ. ಆಗಲೂ ಸಮ ನಿಂತರೆ ತಕ್ಕಡಿ ನಿಜವಂತ. ನಿಲ್ಲದಿದ್ದರೆ ಅದರ ಎರಡು ತೋಳು ಸಮ ಇಲ್ಲದಿರಬಹುದು. ಏಕೆ ಎಂದು ಕೇಳಿದ ಮಗುವಿಗೆ ಒಂದು ಅಡಿಪಟ್ಟಿ, ಒಂದು ದಾರ, ಒಂದೇ ಬಗೆಯ ಮೂರು ನಾಣ್ಯ ಕೊಡಿ. ಪಟ್ಟಿಯನ್ನು ನಡುವಿಗೆ ದಾರ ಕಟ್ಟಿ ತೂಗುಬಿಟ್ಟರೆ, ನಡುವಿನಿಂದ 5 ಸೆಂಟಿಮೀಟರಿನಲ್ಲಿಟ್ಟ ಎರಡು ನಾಣ್ಯವನ್ನು ಆಚೆ ಕಡೆ 10 ಸೆಂಟಿಮೀಟರಿನಲ್ಲಿಟ್ಟ ಒಂದೇ ನಾಣ್ಯ ತಡೆದು ನಿಲ್ಲಿಸುತ್ತದೆ. ಸನ್ನೆಗೋಲಿನ ನಿಯಮವನ್ನು ಮಗು ತಾನೇ ಕಂಡುಕೊಂಡಂತಾಯಿತು. ಇನ್ನು ಅದನ್ನು ಯಾವ ಪೇಟೆಯಲ್ಲೂ ಯಾರೂ ತೂಕದಲ್ಲಿ ಸುಲಭವಾಗಿ ಮೋಸ ಮಾಡಲಾರರು. ನಿಯತ್ತಿನ ವ್ಯಾಪಾರಿಗೆ ಇದರಿಂದ ಭಯವಿಲ್ಲ. ಅವನಿಗೆ ಇದು ಗೌರವ.

ಎರಡನೆಯದು ಮಂಡಕ್ಕಿ ಭಟ್ಟಿ. ಕಾದ ಮರಳಿಗೆ ಅಕ್ಕಿ ಬಿದ್ದೊಡನೆ ಅರಳುತ್ತದೆ. ಏಕೆ? ಹದ ಮಾಡಿದ ಅಕ್ಕಿಯೊಳಗೆ ಒಂದಿಷ್ಟು ತೇವ ಉಳಿದಿರುತ್ತದೆ. ಶಾಖ ತಟ್ಟಿದಾಗ ಆ ತೇವ ಆವಿಯಾಗಿ ಹೊರಬರಲು ನುಗ್ಗುತ್ತದೆ, ಕಾಳು ಉಬ್ಬುತ್ತದೆ. ಹಾಗಾದರೆ ಮರಳು ಏಕೆ ಬೇಕು? ಬರಿಯ ಬಾಣಲೆಯಲ್ಲಿ ಕಾಳಿನ ಒಂದು ಕಡೆಗೆ ಮಾತ್ರ ಬಿಸಿ ತಗಲುತ್ತದೆ. ಮರಳು ಕಾಳನ್ನು ಸುತ್ತುವರಿದು ಎಲ್ಲ ಕಡೆಯಿಂದಲೂ ಒಮ್ಮೆಲೇ ಕಾಯಿಸುತ್ತದೆ. ಭಟ್ಟಿಯ ಕೆಲಸಗಾರನಿಗೆ ಇದು ಕೈಗೆ ಗೊತ್ತು. ಅಕ್ಕಿ ಹೆಚ್ಚು ಒಣಗಿದರೆ ಅರಳುವುದಿಲ್ಲ, ಹಸಿ ಇದ್ದರೆ ಕೆಡುತ್ತದೆ ಎಂದು ಅವನು ಹೇಳಬಲ್ಲ. ಅವನನ್ನು ಒಂದು ದಿನ ತರಗತಿಗೆ ಕರೆಯಿರಿ. ತನ್ನ ತಂದೆ ಕುರ್ಚಿಯ ಮೇಲೆ ಕುಳಿತು ಪಾಠ ಹೇಳುವುದನ್ನು ನೋಡಿದ ಮಗು ಮುಂದೆಂದೂ ತನ್ನ ಮನೆಯ ಕಸುಬಿಗೆ ನಾಚಿಕೊಳ್ಳುವುದಿಲ್ಲ.

ಮೂರನೆಯದು ನೂಲು. ಒಣಹವೆಯ ದಿನ ನೂಲು ಹೆಚ್ಚು ಹರಿಯುತ್ತದೆಂದು ಸ್ಪಿನ್ನಿಂಗ್ ಖಾತೆಯವರಿಗೆಲ್ಲ ಗೊತ್ತು. ಅದಕ್ಕಾಗಿಯೇ ಅಲ್ಲಿ ಗಾಳಿಗೆ ತೇವ ಬಿಡುತ್ತಾರೆ. ಇದನ್ನು ಐದನೆಯ ತರಗತಿಯ ಮಗು ಪರೀಕ್ಷಿಸಬಹುದು. ಒಂದೇ ಉಂಡೆಯ ಹತ್ತಿ ನೂಲಿನಲ್ಲಿ ಒಂದೇ ಉದ್ದದ ಇಪ್ಪತ್ತು ತುಂಡು ಮಾಡಿ, ಹತ್ತನ್ನು ನೀರಿನಲ್ಲಿ ನೆನೆಸಿ, ಹತ್ತನ್ನು ಬಿಸಿಲಿಗೆ ಒಣಗಿಸಿ. ಒಂದೊಂದಕ್ಕೂ ಖಾಲಿ ಬಾಟಲಿ ಕಟ್ಟಿ ಲೋಟದಿಂದ ನೀರು ತುಂಬುತ್ತ ಹೋಗಿ. ಎಷ್ಟು ಲೋಟಕ್ಕೆ ಹರಿಯಿತು? ಬರೆದುಕೊಳ್ಳಿ. ಹತ್ತು ಸಲ ಏಕೆ, ಒಂದು ಸಲ ಸಾಲದೆ ಎಂದು ಮಗು ಕೇಳುತ್ತದೆ. ಒಂದು ಸಲ ಆದದ್ದು ಆಕಸ್ಮಿಕ ಇರಬಹುದು, ಮಗು. ಉದ್ದ, ಉಂಡೆ, ಬಾಟಲಿ ಎಲ್ಲ ಒಂದೇ ಏಕಿರಬೇಕು? ಒಂದೇ ಸಂಗತಿಯನ್ನು ಬದಲಾಯಿಸಿದರೆ ಮಾತ್ರ ಕಾರಣ ಯಾವುದೆಂದು ತಿಳಿಯುತ್ತದೆ. ದೊಡ್ಡ ಪ್ರಯೋಗಶಾಲೆಗಳಲ್ಲಿ ನಡೆಯುವುದೂ ಇದೇ ಕ್ರಮ. ಅಲ್ಲಿ ಸಾಮಾನು ಬೇರೆ, ಬುದ್ಧಿ ಇದೇ.

ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಎಂಬವರಿದ್ದರು. ಕಮ್ಮಾರನ ಮಗ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವವನ ಬಳಿ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನು ಓದಿ ಓದಿ ವಿಜ್ಞಾನಿಯಾದವರು. ಇಂದು ನಮ್ಮ ಮಿಲ್ಲುಗಳಿಗೆ ಬರುವ ವಿದ್ಯುತ್ತನ್ನು ಹುಟ್ಟಿಸುವ ಯಂತ್ರದ ಮೂಲತತ್ವವನ್ನು 1831ರಲ್ಲಿ ತೋರಿಸಿಕೊಟ್ಟವರು ಅವರೇ. ಇಷ್ಟು ದೊಡ್ಡವರು ಮಕ್ಕಳಿಗಾಗಿ ಆರು ಉಪನ್ಯಾಸ ಮಾಡಿದರು. ಅಷ್ಟಕ್ಕೂ ವಿಷಯ ಒಂದೇ ಒಂದು ಮೇಣದ ಬತ್ತಿ. ಬತ್ತಿಯನ್ನು ಆರಿಸಿ, ಮೇಲೇಳುವ ಹೊಗೆಗೆ ಉರಿಯುವ ಕಡ್ಡಿ ಹಿಡಿದರೆ ಬತ್ತಿಯನ್ನು ಮುಟ್ಟದೆಯೇ ಬೆಂಕಿ ಇಳಿದು ಹತ್ತಿಕೊಳ್ಳುತ್ತದೆ. ಉರಿಯ ಮೇಲೆ ತಣ್ಣಗಿನ ಲೋಟ ಹಿಡಿದರೆ ಒಳಗೆ ನೀರಿನ ಹನಿ ಕೂಡುತ್ತದೆ. ಬೆಂಕಿಯಿಂದ ನೀರು ಎಲ್ಲಿಂದ ಬಂತು? ಮೇಷ್ಟರು ಜೊತೆಗೆ ನಿಂತು ಈ ಪ್ರಯೋಗ ತೋರಿಸಲಿ. ಒಂದು ಮೇಣದ ಬತ್ತಿಯ ಖರ್ಚು ಎಷ್ಟೆಂದು ಅಂಗಡಿಯವರಾದ ನಿಮಗೆ ಹೇಳಬೇಕಾದುದಿಲ್ಲ.

ಪ್ರಶ್ನೆ ಕೇಳದವರ ನಷ್ಟ

ಇದೆಲ್ಲ ಮಕ್ಕಳಾಟ, ಹೊಟ್ಟೆಪಾಡಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ.

ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಎದೆ ಬಿಗಿಯುವ ಕಾಯಿಲೆ ಬರುತ್ತದೆ. ಬಿಸಿನೋಸಿಸ್ ಎಂದು ಅದರ ಹೆಸರು. ರಜೆ ಕಳೆದು ಮೊದಲ ದಿನ ಕೆಲಸಕ್ಕೆ ಹೋದಾಗ ಎದೆ ಹೆಚ್ಚು ಹಿಡಿಯುವುದು ಅದರ ಲಕ್ಷಣ. ಬೀಡಿಯಿಂದ ಬಂತು, ತಂಡಿಯಿಂದ ಬಂತು, ಹಣೆಬರಹದಿಂದ ಬಂತು ಎಂದು ಎಷ್ಟೋ ಮನೆಗಳಲ್ಲಿ ಹೇಳಿಕೊಂಡರು. ಇದು ಧೂಳಿನ ಕಾಯಿಲೆಯೆಂದು ಸ್ಥಾಪಿಸಿದ್ದು ಹೇಗೆ? ಡಾಕ್ಟರರು ಕೆಲಸಗಾರರ ಬಳಿ ಕುಳಿತು ಕೇಳಿದರು: ಯಾವ ಖಾತೆ? ಎಷ್ಟು ವರ್ಷ? ವಾರದಲ್ಲಿ ಯಾವ ದಿನ ಹೆಚ್ಚು? ಉತ್ತರಗಳನ್ನು ಬರೆದು ಎಣಿಸಿದರು. ಧೂಳು ಹೆಚ್ಚಿದ್ದ ಖಾತೆಗಳಲ್ಲಿ ಕಾಯಿಲೆ ಹೆಚ್ಚು, ರಜೆಯ ಮರುದಿನ ಹೆಚ್ಚು. ಮುಂದೆ ಕಾರ್ಖಾನೆ ಕಾಯಿದೆಯ ಕಾಯಿಲೆಗಳ ಪಟ್ಟಿಯಲ್ಲಿ ಇದು ಸೇರಿತು. ನಷ್ಟಪರಿಹಾರದ ಕಾಯಿದೆಯಲ್ಲೂ ಸೇರಿತು. ಹಣೆಬರಹಕ್ಕೆ ಪರಿಹಾರ ಕೊಡುವ ಕಾಯಿದೆ ಇಲ್ಲ. ಕಾರಣ ಗೊತ್ತಾದ ಕಾಯಿಲೆಗೆ ಇದೆ. ನಮ್ಮ ಮಕ್ಕಳು ಎಣಿಸಿ ಬರೆಯುವುದನ್ನು ಕಲಿತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇನ್ನೊಂದು ನಷ್ಟವನ್ನೂ ಹೇಳುತ್ತೇವೆ. 1980ರ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣವಾಯಿತು. ಚಂದ್ರನ ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ಅದನ್ನು ನೋಡಲು ವಿಜ್ಞಾನಿಗಳು ದೂರದಿಂದ ಬಂದು ರಾಯಚೂರಿನ ಕಡೆಯ ಹಳ್ಳಿಯಲ್ಲಿ ದೂರದರ್ಶಕ ಹೂಡಿ ಕಾದರು. ನಾವು ಆಗ ಶಾಲೆಯ ಹುಡುಗರು. ನಮ್ಮನ್ನು ಒಳಗೆ ಕೂಡಿ ಬಾಗಿಲು ಹಾಕಿದರು, ಕಿಟಕಿಗೆ ಕಂಬಳಿ ಕಟ್ಟಿದರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬುದು ನಿಜ, ಕಣ್ಣು ಹೋಗುತ್ತದೆ. ಆದರೆ ಅದಕ್ಕೆ ಸರಿಯಾದ ಕನ್ನಡಕ ಇದೆ. ಅದೂ ಇಲ್ಲದಿದ್ದರೆ ಮರದ ಕೆಳಗೆ ಸೂರ್ಯನಿಗೆ ಬೆನ್ನು ಹಾಕಿ ನಿಂತರಾಯಿತು. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಒಂದೊಂದು ಬಿಸಿಲ ಚುಕ್ಕೆಯೂ ಗ್ರಹಣ ಹಿಡಿದ ಸೂರ್ಯನ ಆಕಾರದಲ್ಲೇ ಇರುತ್ತದೆ. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ನಮ್ಮ ಪೇಟೆಯ ಕೆಲವು ಮಕ್ಕಳು ಬೇವಿನ ಮರದಡಿ ಆ ಕುಡುಗೋಲಿನಂಥ ಬೆಳಕುಗಳನ್ನು ಎಣಿಸಿದರು. ನಮಗೆ ಮುಚ್ಚಿದ್ದ ಬಾಗಿಲು ಅವರಿಗೆ ತೆರೆಯಿತು. ಆ ದಿನ ನಮಗೆ ಕಣ್ಣು ತುಂಬಿ ಬಂದದ್ದನ್ನು ಮರೆಮಾಚುವುದಿಲ್ಲ.

ಕಿರಾಣಿ ಅಂಗಡಿಯವನ ಮಗ

ನಮ್ಮ ಮಕ್ಕಳು ವಿಜ್ಞಾನಿಗಳಾಗುವುದುಂಟೆ ಎಂದು ಕೇಳುವವರಿಗೆ ಒಂದು ಕಥೆ. ನಡೆದ ಕಥೆ.

ಇಂದಿನ ಬಾಂಗ್ಲಾದೇಶದ ಢಾಕಾ ಹತ್ತಿರ ಶಿಯೋರಾತಲಿ ಎಂಬ ಹಳ್ಳಿ. ಅಲ್ಲಿ ಜಗನ್ನಾಥ ಸಾಹಾ ಎಂಬ ಸಣ್ಣ ಕಿರಾಣಿ ವ್ಯಾಪಾರಿ. ಎಂಟು ಮಕ್ಕಳು. ಐದನೆಯವನು 1893ರಲ್ಲಿ ಹುಟ್ಟಿದ ಮೇಘನಾದ. ಪ್ರಾಥಮಿಕ ಶಾಲೆ ಮುಗಿದೊಡನೆ ಹುಡುಗನನ್ನು ಅಂಗಡಿಯಲ್ಲಿ ಕೂರಿಸಬೇಕೆಂದು ತಂದೆಯ ಯೋಚನೆ. ಆ ತಂದೆಯನ್ನು ನಾವು ದೂರುವುದಿಲ್ಲ. ನಮ್ಮಲ್ಲಿ ಅನೇಕರು ಅದೇ ಯೋಚನೆ ಮಾಡಿದವರೇ. ಆದರೆ ಆ ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟರು ಬಿಡಲಿಲ್ಲ. ಹುಡುಗ ಜಾಣ, ಓದಿಸಿ ಎಂದು ಮನೆಗೆ ಬಂದು ಹೇಳಿದರು. ಮುಂದಿನ ಶಾಲೆ ಸುಮಾರು ಹತ್ತು ಕಿಲೋಮೀಟರ್ ದೂರ. ಅಲ್ಲಿ ಒಬ್ಬ ವೈದ್ಯರು ಮನೆಯಲ್ಲಿ ಅನ್ನ, ವಸತಿ ಕೊಟ್ಟರು. ಹುಡುಗ ತನ್ನ ತಟ್ಟೆ ತಾನೇ ತೊಳೆಯಬೇಕು, ಮನೆಯ ಹಸುವನ್ನು ನೋಡಿಕೊಳ್ಳಬೇಕು. ಆ ಶಾಲೆಯಿಂದ ಅವನು ಇಡೀ ಢಾಕಾ ಜಿಲ್ಲೆಗೆ ಮೊದಲಿಗನಾಗಿ ತೇರ್ಗಡೆಯಾದ. ತಿಂಗಳಿಗೆ ನಾಲ್ಕು ರೂಪಾಯಿ ವಿದ್ಯಾರ್ಥಿವೇತನ ಬಂತು. ಅದು ಸಾಲದು. ಉಳಿದುದನ್ನು ಯಾರು ಕೊಟ್ಟರು? ಸೆಣಬಿನ ಕಂಪೆನಿಯಲ್ಲಿ ಕೆಲಸಕ್ಕಿದ್ದ ಅಣ್ಣ ಜಯನಾಥ ತನ್ನ ಸಣ್ಣ ಸಂಬಳದಲ್ಲಿ ತಿಂಗಳಿಗೆ ಐದು ರೂಪಾಯಿ ಕಳಿಸಿದ.

1905ರಲ್ಲಿ ಬಂಗಾಳವನ್ನು ಒಡೆದಾಗ ಗವರ್ನರನ ಭೇಟಿಯನ್ನು ಬಹಿಷ್ಕರಿಸಿದ ಹುಡುಗರಲ್ಲಿ ಮೇಘನಾದನೂ ಸೇರಿದ್ದರಿಂದ ಶಾಲೆಯಿಂದ ಹೊರಗೆ ಹಾಕಿದರು; ವಿದ್ಯಾರ್ಥಿವೇತನವೂ ಹೋಯಿತು. ಬೇರೆ ಶಾಲೆ ಸೇರಿಕೊಂಡ. ಮುಂದೆ ಕಲ್ಕತ್ತೆಯ ವಿದ್ಯಾರ್ಥಿ ನಿಲಯದಲ್ಲಿ ಜಾತಿಯ ಕಾರಣದಿಂದ ಇತರರ ಪಂಕ್ತಿಯಲ್ಲಿ ಊಟಕ್ಕೆ ಕೂರಗೊಡಲಿಲ್ಲ. ಅದನ್ನೂ ನುಂಗಿಕೊಂಡು ಓದಿದ. 1920ರಲ್ಲಿ ಅವನು ಪ್ರಕಟಿಸಿದ ಒಂದು ಸಮೀಕರಣದಿಂದ ನಕ್ಷತ್ರಗಳ ಬೆಳಕಿನಲ್ಲಿ ಕಾಣುವ ಗೆರೆಗಳನ್ನು ನೋಡಿ ಅವುಗಳ ಶಾಖವನ್ನು ತಿಳಿಯುವುದು ಜಗತ್ತಿಗೆ ಸಾಧ್ಯವಾಯಿತು. ಸಾಹಾ ಸಮೀಕರಣ ಎಂದು ಇಂದಿಗೂ ಎಲ್ಲ ದೇಶಗಳಲ್ಲಿ ಅದನ್ನು ಓದುತ್ತಾರೆ. ಅದೇ ಮೇಘನಾದ ಸಾಹಾ 1952ರಲ್ಲಿ ಕಲ್ಕತ್ತೆಯಿಂದ ಪಕ್ಷೇತರರಾಗಿ ನಿಂತು ಲೋಕಸಭೆಗೆ ಆರಿಸಿ ಬಂದರು. 1956ರಲ್ಲಿ ತೀರಿಕೊಂಡರು.

ಲೆಕ್ಕ ಹಾಕಿ ನೋಡಿ. ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟರು, ಒಬ್ಬ ವೈದ್ಯರು, ಸಂಬಳಕ್ಕೆ ದುಡಿಯುವ ಒಬ್ಬ ಅಣ್ಣ. ಇವರಲ್ಲಿ ಒಬ್ಬರು ಕೈಬಿಟ್ಟಿದ್ದರೂ ಆ ಹುಡುಗ ಅಂಗಡಿಯಲ್ಲಿ ಬೆಲ್ಲ ತೂಗುತ್ತ ಇರುತ್ತಿದ್ದ. ಬೆಲ್ಲ ತೂಗುವುದು ಕೀಳೆಂದು ನಾವು ಹೇಳುತ್ತಿಲ್ಲ. ಬೇರೇನೂ ಮಾಡಬಲ್ಲವನಿಗೆ ಬೇರೆ ದಾರಿಯೇ ಇಲ್ಲದಿರುವುದು ಅನ್ಯಾಯ ಎನ್ನುತ್ತೇವೆ. ಹೀಗೆ ದಾರಿ ಸಿಗದೆ ಹೋದ ಮೇಘನಾದರು ನಮ್ಮ ಪೇಟೆಯಲ್ಲಿ ಎಷ್ಟು ಮಂದಿಯೋ!

ನಮ್ಮ ನಾಡಿನಲ್ಲೂ ಉದಾಹರಣೆ ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ 1935ರಲ್ಲಿ ಓದುವ ಆಸೆಯಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ. ಅವರೇ ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ವಿಜ್ಞಾನವನ್ನು ಜನರ ಬಳಿಗೆ ಒಯ್ದ ಎಚ್. ನರಸಿಂಹಯ್ಯನವರು.

ಹೆಣ್ಣುಮಕ್ಕಳ ಮಾತು ಬಂದಾಗ ನಮ್ಮಲ್ಲೇ ಕೆಲವರು ತಲೆ ತಗ್ಗಿಸುತ್ತಾರೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಬಂದಾಗ, ಹೆಣ್ಣೆಂಬ ಕಾರಣಕ್ಕೆ ಆಗಿನ ನಿರ್ದೇಶಕರಾದ ಸಿ.ವಿ. ರಾಮನ್‌ರಂಥ ಮಹಾ ವಿಜ್ಞಾನಿಯೇ ಆಗದೆಂದರು. ಆಕೆ ಹಿಂದೆಗೆಯಲಿಲ್ಲ. ಹಟ ಹಿಡಿದು, ಷರತ್ತಿಗೆ ಒಪ್ಪಿ ಒಳಗೆ ಹೋದರು. ಕೆಲಸದಿಂದಲೇ ಉತ್ತರ ಕೊಟ್ಟರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ದೊಡ್ಡವರೂ ತಪ್ಪುತ್ತಾರೆ, ಚಿಕ್ಕವರು ಅದನ್ನು ತೋರಿಸಿಕೊಡಬಹುದು. ತಂಗಿಯನ್ನು ಎತ್ತಿಕೊಂಡು ಮನೆಯಲ್ಲಿ ಉಳಿಯುವ ಹುಡುಗಿಯರನ್ನು ಶಾಲೆಗೆ ಕಳಿಸುವ ಮಾತು ಈ ಸಭೆಯಲ್ಲಿ ಆಗಲೇಬೇಕು.

ಹೋಶಂಗಾಬಾದಿನ ಪಾಠ

ಹೀಗೆ ಕಲಿಸಲು ಸರಕಾರಿ ಶಾಲೆಯಲ್ಲಿ ಸಾಧ್ಯವೆ? ಸಾಧ್ಯವೆಂದು ಮೂವತ್ತು ವರ್ಷ ಮಾಡಿ ತೋರಿಸಿದ ಜಿಲ್ಲೆಯೊಂದಿದೆ. ಮಧ್ಯಪ್ರದೇಶದ ಹೋಶಂಗಾಬಾದ್. ಇಂದು ನರ್ಮದಾಪುರಂ ಎಂದು ಹೆಸರು. 1972ರಲ್ಲಿ ಕಿಶೋರ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರಕಾರದ ಒಪ್ಪಿಗೆ ಪಡೆದು 16 ಮಾಧ್ಯಮಿಕ ಶಾಲೆಗಳಲ್ಲಿ ಆರರಿಂದ ಎಂಟನೆಯ ತರಗತಿಗೆ ಹೊಸ ಕ್ರಮ ತಂದವು. ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಹಳ್ಳಿಗೆ ಬಂದು ಶಾಲೆಯ ಉಪಾಧ್ಯಾಯರ ಜೊತೆ ಕುಳಿತು ಪಾಠಗಳನ್ನು ಕಟ್ಟಿದರು. 1978ರಲ್ಲಿ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಇದು ಹಬ್ಬಿತು. 1982ರಿಂದ ಏಕಲವ್ಯ ಎಂಬ ಸಂಸ್ಥೆ ಇದನ್ನು ನಡೆಸಿತು.

ಅಲ್ಲಿನ ಪುಸ್ತಕದ ಹೆಸರು 'ಬಾಲ ವೈಜ್ಞಾನಿಕ'. ಅದರಲ್ಲಿ ಉತ್ತರ ಬರೆದಿರಲಿಲ್ಲ. ಹೀಗೆ ಮಾಡಿ ನೋಡು, ಏನು ಕಂಡಿತು ಎಂದು ಕೇಳುತ್ತಿತ್ತು. ಮಕ್ಕಳು ನಾಲ್ಕು ನಾಲ್ಕು ಮಂದಿ ಗುಂಪಾಗಿ ಕುಳಿತು ಪ್ರಯೋಗ ಮಾಡುತ್ತಿದ್ದರು. ಹೊಲ, ಹಳ್ಳ, ತಿಪ್ಪೆಗಳೆಲ್ಲ ಪ್ರಯೋಗಶಾಲೆ. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂರಬಹುದಾಗಿತ್ತು. ಯೋಚಿಸಿ ಬರೆಯಬೇಕಾದ ಪ್ರಶ್ನೆಗೆ ನಕಲಿನ ಹೆದರಿಕೆ ಏಕೆ? ಕೈಯಿಂದ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಮಕ್ಕಳು ತಮಗೆ ತೋಚಿದ ಪ್ರಶ್ನೆಗಳನ್ನು 'ಸವಾಲೀರಾಂ' ಎಂಬ ಕಲ್ಪಿತ ಹೆಸರಿಗೆ ಕಾಗದ ಬರೆದು ಕೇಳಿದರೆ ಉತ್ತರ ಬರುತ್ತಿತ್ತು. 1978ರಲ್ಲಿ ಅರವಿಂದ ಗುಪ್ತಾ ಎಂಬ ಎಂಜಿನಿಯರು ಕಾರ್ಖಾನೆಯಿಂದ ರಜೆ ಹಾಕಿ ಅಲ್ಲಿಗೆ ಬಂದು, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಮನೆಯ ಚೌಕಟ್ಟು ಎಲ್ಲ ಮಾಡಿ ತೋರಿಸಿದರು. ಮೂಲೆಗೆ ಅಡ್ಡಪಟ್ಟಿ ಕೊಡದ ಚೌಕ ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಸೇತುವೆಗಳಲ್ಲಿ ತ್ರಿಕೋನಗಳೇ ಏಕಿರುತ್ತವೆಂಬುದು ಹೀಗೆ ಸೈಕಲ್ ಅಂಗಡಿಯ ಸಾಮಾನಿನಲ್ಲಿ ತಿಳಿಯಿತು.

ಇಷ್ಟೆಲ್ಲ ನಡೆದ ಮೇಲೆ 2002ರಲ್ಲಿ ರಾಜ್ಯ ಸರಕಾರ ಒಂದು ಆಜ್ಞೆಯಿಂದ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ದೇಶದ ಅನೇಕ ವಿಜ್ಞಾನಿಗಳು ಬೇಡವೆಂದರು, ಕೇಳಲಿಲ್ಲ. ನಾವು ಇದರಿಂದ ಕಲಿಯಬೇಕಾದುದೇನು? ಒಳ್ಳೆಯ ಉಪಾಧ್ಯಾಯರು, ಒಳ್ಳೆಯ ಪುಸ್ತಕ ಇದ್ದರಷ್ಟೇ ಸಾಲದು. ಇದು ನಮ್ಮದು, ಇದನ್ನು ಮುಟ್ಟಬೇಡಿ ಎಂದು ಊರಿನ ತಂದೆ ತಾಯಂದಿರು ಸಾವಿರ ಬಾಯಲ್ಲಿ ಹೇಳಬೇಕು. ಮೇಲಿನಿಂದ ಬಂದ ಕಾಗದ ತೆರೆದದ್ದನ್ನು ಮೇಲಿನಿಂದ ಬಂದ ಇನ್ನೊಂದು ಕಾಗದ ಮುಚ್ಚಬಹುದು. ಜನ ಹಿಡಿದುಕೊಂಡದ್ದನ್ನು ಮುಚ್ಚುವುದು ಅಷ್ಟು ಸುಲಭವಲ್ಲ.

ಆಗಬೇಕಾದ ಕೆಲಸ

ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋದರೆ ನಾಳೆ ಬೀರುವಿಗೆ ಮತ್ತೆ ಬೀಗ ಬೀಳುತ್ತದೆ. ಆದುದರಿಂದ ಕೆಲವು ಕೆಲಸ ಹೇಳುತ್ತೇವೆ.

ಉಪಾಧ್ಯಾಯರಲ್ಲಿ ನಮ್ಮ ಬೇಡಿಕೆ ಒಂದೇ. ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ, ಬಾ ನೋಡೋಣ ಎನ್ನಿ. ಅದರಿಂದ ನಿಮ್ಮ ಮರ್ಯಾದೆ ಕಡಮೆಯಾಗುವುದಿಲ್ಲ. ಪಾಠವನ್ನು ಮಗುವಿನ ಮನೆಮಾತಿನಲ್ಲಿ ಹೇಳಿ. ಮಗು ತಾಯಿಯ ಜೊತೆ ಯಾವ ಭಾಷೆಯಲ್ಲಿ ಜಗಳ ಆಡುತ್ತದೋ ಆ ಭಾಷೆಯಲ್ಲೇ ಧೈರ್ಯವಾಗಿ ಪ್ರಶ್ನೆ ಕೇಳುತ್ತದೆ. ಕನ್ನಡದಲ್ಲಿ ವಿಜ್ಞಾನ ಸಾಧ್ಯವೆ ಎಂಬ ಅನುಮಾನ ಬೇಡ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು. ಅಡಿಪಾಯ ಹಾಕಿ ನೂರು ವರ್ಷವಾಯಿತು. ಗೋಡೆ ಎಬ್ಬಿಸುವುದು ನಮ್ಮ ಪಾಲಿನದು.

ಉಪಾಧ್ಯಾಯರಿಗೆ ಊಟದ ಲೆಕ್ಕ, ಜನಗಣತಿ, ಚುನಾವಣೆ ಎಲ್ಲವನ್ನೂ ಹೊರಿಸಿ, ಪ್ರಯೋಗ ಏಕೆ ಮಾಡಿಸಲಿಲ್ಲವೆಂದು ಕೇಳುವುದೂ ನ್ಯಾಯವಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯ ತನಕ ಮೂವತ್ತು ಮಕ್ಕಳಿಗೆ ಒಬ್ಬರಂತೆ, ಆರರಿಂದ ಎಂಟರ ತನಕ ಮೂವತ್ತೈದು ಮಕ್ಕಳಿಗೆ ಒಬ್ಬರಂತೆ ಉಪಾಧ್ಯಾಯರಿರಬೇಕು. ಆರರಿಂದ ಎಂಟಕ್ಕೆ ವಿಜ್ಞಾನ ಮತ್ತು ಗಣಿತಕ್ಕೆಂದೇ ಒಬ್ಬರು ಇರಬೇಕು. ಇದು ದಾನವಲ್ಲ, ಕಾನೂನು. ಅದೇ ಕಾಯಿದೆ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕೆಂದು, ಒಟ್ಟಿನಲ್ಲಿ ಅರ್ಧ ಮಂದಿ ಹೆಂಗಸರಿರಬೇಕೆಂದು ಹೇಳುತ್ತದೆ. ಸಮಿತಿಯ ಸಭೆಗೆ ನೀವು ಹೋಗುತ್ತೀರಾ? ರುಜು ಹಾಕಿ ಬರುವುದು ಹೋಗುವುದಲ್ಲ. ವಿಜ್ಞಾನದ ಉಪಾಧ್ಯಾಯರ ಹುದ್ದೆ ಖಾಲಿ ಇದೆಯೆ, ಎಂದಿನಿಂದ, ಯಾರಿಗೆ ಬರೆದಿರಿ ಎಂದು ಕೇಳಿ, ಪುಸ್ತಕದಲ್ಲಿ ಬರೆಸಿ.

ಮುಂದೆ ಓದಿಸಲು ದುಡ್ಡಿಲ್ಲ ಎನ್ನುವವರಿಗೆ ಎರಡು ಸಂಗತಿ. ಸರಕಾರಿ, ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ಇದೆ. ಅದರಲ್ಲಿ ಆಯ್ಕೆಯಾದ ಕಡಮೆ ವರಮಾನದ ಮನೆಯ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯ ತನಕ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಎರಡನೆಯದು ಇನ್‌ಸ್ಪೈರ್ ಮಾನಕ್. ಆರನೆಯ ತರಗತಿಯಿಂದ ಮೇಲಿನ ಮಕ್ಕಳ ಹೊಸ ಯೋಚನೆಗಳನ್ನು ಶಾಲೆ ಕಳಿಸಿಕೊಡಬಹುದು. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ. ಎಷ್ಟೋ ಶಾಲೆಗಳಿಂದ ಹೆಸರೇ ಹೋಗುವುದಿಲ್ಲ. ನಮ್ಮ ಶಾಲೆಯಿಂದ ಹೋಗಲಿ.

ಎಲ್ಲ ಮಕ್ಕಳೂ ಸಾಹಾ ಆಗುವುದಿಲ್ಲ. ಆಗಬೇಕೆಂದೂ ಇಲ್ಲ. ಒಬ್ಬಳು ನರ್ಸಾಗುತ್ತಾಳೆ, ಒಬ್ಬ ಮಣ್ಣು ಪರೀಕ್ಷೆ ಮಾಡುತ್ತಾನೆ, ಒಬ್ಬಳು ಐ.ಟಿ.ಐ. ಕಲಿತು ಯಂತ್ರ ಬಿಚ್ಚಿ ಕೂಡಿಸುತ್ತಾಳೆ, ಒಬ್ಬ ನಿಮ್ಮ ಅಂಗಡಿಯನ್ನೇ ನಿಮಗಿಂತ ಚೆನ್ನಾಗಿ ನಡೆಸುತ್ತಾನೆ. ನೂರರಲ್ಲಿ ಒಬ್ಬರು ಪ್ರಯೋಗಶಾಲೆಗೆ ಹೋಗಲಿ. ಉಳಿದ ತೊಂಬತ್ತೊಂಬತ್ತು ಮಂದಿ ಯಾರ ಮಾತನ್ನೂ ತೂಗದೆ ಕೊಳ್ಳದವರಾಗಲಿ.

ಕಡೆಯ ಮಾತು ಮನೆಯವರಿಗೆ. ಪಾಳಿ ಮುಗಿಸಿ ದಣಿದು ಬಂದಾಗ ಮಗು ಹತ್ತಿರ ಬಂದು, ಅಪ್ಪಾ ರಾತ್ರಿ ಬಾನು ಏಕೆ ಕಪ್ಪು ಎಂದು ಕೇಳುತ್ತದೆ. ಸುಮ್ಮನೆ ಕೂತುಕೋ ಎಂದು ಗದರಿಸಲು ನಾಲಗೆಯ ತುದಿಗೆ ಬರುತ್ತದೆ. ದಯವಿಟ್ಟು ತಡೆದುಕೊಳ್ಳಿ. ನಮಗೆ ಹಾಕಿದ್ದ ಬೀಗ ಗಾಜಿನ ಬೀರುವಿನದಾಗಿತ್ತು. ನಾವು ಹಾಕುವ ಬೀಗ ಮಗುವಿನ ಬಾಯಿಯದಾಗುತ್ತದೆ. ನನಗೂ ಗೊತ್ತಿಲ್ಲ ಮಗಾ, ನಾಳೆ ಮೇಷ್ಟರನ್ನು ಕೇಳಿ ನನಗೂ ಬಂದು ಹೇಳು ಎನ್ನಿ. ಅಷ್ಟು ಮಾಡಿದರೆ ಈ ಕೊಠಡಿ ಉಳಿಯುತ್ತದೆ.

ಅಂಗಡಿಯ ಮಿತ್ರರೇ, ಹಳೆಯ ತಕ್ಕಡಿಗಳನ್ನು ಸೋಮವಾರದೊಳಗೆ ತಂದುಕೊಡಿ. ಮಿಲ್ಲಿನ ಗೆಳೆಯರೇ, ಹತ್ತಿ ನೂಲಿನ ಒಂದು ಉಂಡೆಯನ್ನು ನಾವೇ ಕೊಂಡು ತಂದಿದ್ದೇವೆ. ಬಾಟಲಿಗಳನ್ನು ನೀವು ತನ್ನಿ. ಮಕ್ಕಳು ಕಾದಿದ್ದಾರೆ.